ಬುತ್ತಿ, ಬಟ್ಟಲು, ಹಗ್ಗ: ನಾಯಿಯ ಜೊತೆ ಬೆಂಗಳೂರಿನ ಸುತ್ತಮುತ್ತ

"ನಾಯಿ ಕರ್ಕೊಂಡು ಬರಬಹುದಾ?" ಫೋನಿನಲ್ಲಿ ನಾನು ಕೇಳಿದ್ದು ಇಷ್ಟೇ. "ಧಾರಾಳವಾಗಿ ಬನ್ನಿ ಮೇಡಂ, ನಮ್ಮಲ್ಲೂ ಎರಡಿವೆ" ಎಂದಿದ್ದರು. ಆರು ಗಂಟೆ ಪ್ರಯಾಣ ಮಾಡಿ ಮಲೆನಾಡಿನ ಆ ತೋಟದ ಮನೆ ಮುಟ್ಟುವಾಗ ಸಂಜೆಯಾಗಿತ್ತು, ಸಣ್ಣಗೆ ಮಳೆ. ಒಬ್ಬ ಹುಡುಗ ನಮ್ಮ ಚೀಲ ಹೊತ್ತು ಕೋಣೆಯ ಕಡೆ ನಡೆದ. ಇನ್ನೊಬ್ಬ ನಮ್ಮ ನಾಯಿ ಚುಕ್ಕಿಯ ಹಗ್ಗಕ್ಕೆ ಕೈಯೊಡ್ಡಿ, "ಇದನ್ನ ಹಿಂದೆ ಗೂಡಿಗೆ ಹಾಕ್ತೀನಿ" ಎಂದ. ಅಡುಗೆಮನೆಯ ಹಿಂದೆ ತಗಡಿನ ಮಾಡು, ಕಬ್ಬಿಣದ ಸರಳು, ಒದ್ದೆ ಸಿಮೆಂಟು ನೆಲ. ಮರಿಯಾಗಿದ್ದಾಗಿನಿಂದ ನಮ್ಮ ಮಂಚದ ಬುಡದಲ್ಲೇ ಮಲಗಿ ರೂಢಿಯಾದ ಜೀವ ಅದು. ಅಂದು ಅರ್ಧ ರಾತ್ರಿ ಕಾರಿನ ಹಿಂದಿನ ಸೀಟಿನಲ್ಲಿ ನಾನು ಮತ್ತು ಅವಳು. ಉಳಿದರ್ಧ ನನ್ನ ಗಂಡ ಮತ್ತು ಅವಳು. ಬೆಳಿಗ್ಗೆ ತಿಂಡಿ ಮುಗಿಸಿ ಊರಿಗೆ ಹೊರಟೆವು. ಆ ಮನೆಯವರು ಸುಳ್ಳು ಹೇಳಿರಲಿಲ್ಲ. ಅವರ ನಾಯಿಗಳೂ ಮಲಗುತ್ತಿದ್ದುದು ಅಂಥದೇ ಗೂಡಿನಲ್ಲಿ. ಕೇಳಬೇಕಾದದ್ದನ್ನು ನಾನು ಕೇಳಿರಲಿಲ್ಲ.

ಇದಾಗಿ ಐದು ವರ್ಷ. ಈಗ ಹೋಂಸ್ಟೇ, ರೆಸಾರ್ಟ್, ಕೆಫೆ ಎಲ್ಲೆಡೆ ‘ಪೆಟ್ ಫ್ರೆಂಡ್ಲಿ’ ಎಂಬ ಫಲಕ ಕಾಣುತ್ತದೆ. ಅದರ ಅರ್ಥ ಮಾತ್ರ ಒಂದೊಂದು ಕಡೆ ಒಂದೊಂದು. ಒಂದು ಕಡೆ ನಾಯಿ ಕೋಣೆಯೊಳಗೆ ಬರಬಹುದು, ಊಟದ ಮನೆಗೆ ಬರುವಂತಿಲ್ಲ. ಇನ್ನೊಂದು ಕಡೆ ಹುಲ್ಲುಹಾಸಿಗೆ ಬಿಡುತ್ತಾರೆ, ಕೋಣೆಗೆ ಬಿಡುವುದಿಲ್ಲ. ಮತ್ತೊಂದು ಕಡೆ ಹತ್ತು ಕಿಲೋ ಒಳಗಿನ ನಾಯಿಗೆ ಮಾತ್ರ ಸ್ವಾಗತ. ಮ್ಯಾನೇಜರ್ ಬದಲಾದರೆ ನಿಯಮವೂ ಬದಲು. ಹಾಗಾಗಿ ಇಲ್ಲಿ ರೆಸಾರ್ಟುಗಳ ಹೆಸರಿನ ಪಟ್ಟಿ ಕೊಡುತ್ತಿಲ್ಲ. ಆರು ತಿಂಗಳಲ್ಲಿ ಅದು ಹಳಸುತ್ತದೆ. ಯಾವ ದಿಕ್ಕಿಗೆ, ಯಾವ ಕಾಲದಲ್ಲಿ, ಏನು ಕೇಳಿಕೊಂಡು ಹೊರಡಬೇಕು ಎಂಬುದು ಅಷ್ಟು ಬೇಗ ಹಳತಾಗುವುದಿಲ್ಲ.

ಇನ್ನೊಂದು ಮಾತು. ಬೆಟ್ಟದ ತುದಿಯ ಸೂರ್ಯೋದಯ ನಮಗೆ ಬೇಕು, ನಾಯಿಗೆ ಬೇಕಿಲ್ಲ. ಅದಕ್ಕೆ ಬೇಕಾದದ್ದು ಹೊಸ ವಾಸನೆ, ನೆರಳು, ನೀರು ಮತ್ತು ಅವಸರವಿಲ್ಲದ ನಾವು. ಒಂದು ಕಲ್ಲನ್ನು ಐದು ನಿಮಿಷ ಮೂಸುವುದಕ್ಕೆ ಬಿಟ್ಟರೆ ಅದೇ ಅದರ ಪ್ರವಾಸ. ಜಾಗ ಆರಿಸುವಾಗ ‘ಅಲ್ಲಿ ನಾಯಿಗೆ ಬಿಡುತ್ತಾರಾ’ ಎಂಬುದಕ್ಕಿಂತ ಮೊದಲು ‘ಅಲ್ಲಿ ನಾಯಿಗೆ ಏನಿದೆ’ ಎಂದು ಯೋಚಿಸಿದರೆ ಅರ್ಧ ತಪ್ಪು ತಪ್ಪುತ್ತದೆ.

ಮೊದಲು ಊರೊಳಗೆ

ಕಾರಿನಲ್ಲಿ ಎಂದೂ ಕೂರದ ನಾಯಿಯನ್ನು ಒಮ್ಮೆಲೇ ಸಕಲೇಶಪುರಕ್ಕೆ ಒಯ್ಯಬೇಡಿ. ಮೊದಲ ಪಾಠ ಕಬ್ಬನ್ ಪಾರ್ಕಿನಲ್ಲಿ ಆಗಲಿ. 1870ರಲ್ಲಿ ಶುರುವಾದ ಈ ಉದ್ಯಾನದಲ್ಲಿ ಹಗ್ಗ ಹಾಕಿದ ನಾಯಿಗೆ ಪ್ರವೇಶವಿದೆ. ನಾಯಿಗಳಿಗೆಂದೇ ಬೇಲಿ ಹಾಕಿ ಬಿಟ್ಟ ಜಾಗವೂ ಒಳಗಿದೆ. ಭಾನುವಾರ ವಾಹನ ಸಂಚಾರ ಇರುವುದಿಲ್ಲ, ಊರಿನ ನಾಯಿಪ್ರಿಯರೆಲ್ಲ ಅಂದು ಬೆಳಿಗ್ಗೆ ಅಲ್ಲಿ ಸೇರುತ್ತಾರೆ. ಅಂಜುಬುರುಕ ನಾಯಿಗೆ ಆ ಜಾತ್ರೆ ಹೆಚ್ಚಾಗಬಹುದು, ಅಂಥ ನಾಯಿಯಿದ್ದವರು ವಾರದ ನಡುವೆ ಬೆಳಿಗ್ಗೆ ಆರೂವರೆಗೆ ಹೋಗಿ. 2022ರಲ್ಲಿ ತೋಟಗಾರಿಕೆ ಇಲಾಖೆ ಇಲ್ಲಿ ನಾಯಿಗಳನ್ನು ಪೂರ್ತಿ ನಿಷೇಧಿಸಲು ಹೊರಟಿತ್ತು. ದೂರು ಎರಡೇ: ಹಗ್ಗ ಬಿಚ್ಚುತ್ತಾರೆ, ಹೇಲು ಎತ್ತುವುದಿಲ್ಲ. ನಾಯಿ ಸಾಕಿದವರು ಒಟ್ಟಾಗಿ ವಿರೋಧಿಸಿದ ಮೇಲೆ ನಿಷೇಧ ನಿಂತಿತು. ಆ ಎರಡು ದೂರಿಗೆ ಮತ್ತೆ ಎಡೆ ಕೊಡದಿರುವುದು ನಮ್ಮ ಕೈಯಲ್ಲಿದೆ. ಲಾಲ್‌ಬಾಗಿನಲ್ಲಿ ಸಾಕುಪ್ರಾಣಿಗಳಿಗೆ ಪ್ರವೇಶವಿಲ್ಲ, ಅನೇಕ ಬಡಾವಣೆ ಪಾರ್ಕುಗಳಲ್ಲೂ ಇಲ್ಲ. ಕೆರೆ ಏರಿಗಳ ಮೇಲೆ ನಡೆಯಲು ಬಿಡುವ ಕಡೆ ನಾಯಿಯನ್ನು ನೀರಿಗಿಳಿಸಬೇಡಿ. ಬೇಸಗೆಯಲ್ಲಿ ಹಸಿರುಗಟ್ಟುವ ಪಾಚಿಯಲ್ಲಿ ನಾಯಿಯ ಯಕೃತ್ತನ್ನೇ ಕೆಡಿಸುವ ವಿಷ ಇರಬಹುದು.

ಕಬ್ಬನ್ ಪಾರ್ಕಿಗೆ ಹೋದಾಗಲೆಲ್ಲ ನಾನು ಕಸ್ತೂರ್ಬಾ ರಸ್ತೆಯ ಕೆಂಪು ವಸ್ತುಸಂಗ್ರಹಾಲಯದ ಮುಂದೆ ಒಂದು ಕ್ಷಣ ನಿಲ್ಲುತ್ತೇನೆ. ಆತಕೂರಿನ ಶಾಸನ ಇರುವುದು ಅದರೊಳಗೆ. ಸುಮಾರು ಕ್ರಿ.ಶ. 950ರ ಕಲ್ಲು, ನಾಯಿಗೆ ನಿಲ್ಲಿಸಿದ್ದು. ತಕ್ಕೋಲದ ಯುದ್ಧದಲ್ಲಿ ಗಂಗರ ಬೂತುಗನ ಪರ ಕಾದಾಡಿದ ಮಣಲೇರನಿಗೆ ರಾಷ್ಟ್ರಕೂಟರ ಮೂರನೆಯ ಕೃಷ್ಣ ಏನು ಬೇಕು ಎಂದಾಗ, ಅವನು ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ಕಾಳಿ ದೊಡ್ಡ ಹಂದಿಯೊಂದರ ಜೊತೆ ಸೆಣಸಿತು, ಎರಡೂ ಸತ್ತವು. ಮಣಲೇರ ಕಲ್ಲು ನಿಲ್ಲಿಸಿ, ಭೂಮಿ ದತ್ತಿ ಬಿಟ್ಟು, ಆ ಭೂಮಿ ಉಣ್ಣುವ ಗೊರವ (ಶಿವನ ಪೂಜಾರಿ) ಕಲ್ಲಿಗೆ ಪೂಜೆ ಮಾಡದೆ ಉಣ್ಣಬಾರದು ಎಂದು ಕಟ್ಟಳೆ ಬರೆಸಿದ. ಸಾವಿರ ವರ್ಷದ ಹಿಂದೆ ಕನ್ನಡದಲ್ಲಿ ನಾಯಿಗಾಗಿ ಹೀಗೆ ಕಲ್ಲು ಕಡೆಸಿದವರಿದ್ದರು. ಒಳಗೆ ಚುಕ್ಕಿಯನ್ನು ಬಿಡುವುದಿಲ್ಲ, ಸರಿಯೇ. ನಾವು ಒಬ್ಬರು ಹೊರಗಿದ್ದು ಇನ್ನೊಬ್ಬರು ನೋಡಿ ಬಂದೆವು.

ಊರಂಚಿನಲ್ಲಿ, ಸರ್ಜಾಪುರ, ಹೆಣ್ಣೂರು, ಯಲಹಂಕ, ಕನಕಪುರ ರಸ್ತೆಗಳ ಕಡೆ, ಗಂಟೆಗೆ ಇಷ್ಟು ಎಂದು ದುಡ್ಡು ಪಡೆಯುವ ಖಾಸಗಿ ನಾಯಿ ಮೈದಾನಗಳಿವೆ. ಕೆಲವಕ್ಕೆ ಈಜುಕೊಳವೂ ಉಂಟು. ಲಸಿಕೆ ಪುಸ್ತಕ ಕೇಳದೆ ಒಳಗೆ ಬಿಡುವ ಮೈದಾನಕ್ಕೆ ಹೋಗಬೇಡಿ. ನಿಮ್ಮದನ್ನು ಕೇಳದವರು ಇನ್ನೊಬ್ಬರದನ್ನೂ ಕೇಳಿರುವುದಿಲ್ಲ. ಪಾರ್ವೋ, ಡಿಸ್ಟೆಂಪರ್‌ನಂಥ ರೋಗಗಳು ಹರಡುವುದು ಅಂಥ ಕಡೆಯೇ.

ನೆಂಟರ ತೋಟ

ಒಂದು ದಿನದ ವಿಹಾರಕ್ಕೆ ನನ್ನ ಮೊದಲ ಆಯ್ಕೆ ಯಾವ ರೆಸಾರ್ಟೂ ಅಲ್ಲ, ಪರಿಚಯದವರ ತೋಟ. ಬೆಂಗಳೂರಿನಲ್ಲಿರುವ ಹೆಚ್ಚಿನವರಿಗೆ ಮಾಗಡಿ, ಕುಣಿಗಲ್, ದೊಡ್ಡಬಳ್ಳಾಪುರ, ಕೋಲಾರದ ಕಡೆ ಯಾರಾದರೂ ಒಬ್ಬರು ಇದ್ದೇ ಇರುತ್ತಾರೆ. ರಾಗಿ ಕುಯ್ಲಾದ ಮೇಲೆ, ಡಿಸೆಂಬರ್ ಕೊನೆಯಿಂದ ಫೆಬ್ರವರಿವರೆಗೆ, ಆ ಬಯಲಿನಲ್ಲಿ ಬೆಳಗಿನ ಹೊತ್ತು ನಾಯಿ ಉದ್ದ ಹಗ್ಗದಲ್ಲಿ ಓಡುವುದನ್ನು ನೋಡಬೇಕು. ಹದಿನೈದು ಮೀಟರಿನ ಹಗುರ ಹಗ್ಗ ಸಿಗುತ್ತದೆ, ಹಾರ್ನೆಸ್‌ಗೆ ಕಟ್ಟಿ, ಕತ್ತಿನ ಪಟ್ಟಿಗೆ ಬೇಡ. ಮುಧೋಳ ನಾಯಿ ಇದ್ದವರು ಇದನ್ನು ಎರಡು ಸಲ ಓದಿಕೊಳ್ಳಿ. ಕಣ್ಣಿಂದ ಬೇಟೆಯಾಡಲೆಂದೇ ಬೆಳೆಸಿದ ತಳಿ ಅದು, ಮೊಲ ಎದ್ದಿತೋ, ಕುರಿಮಂದೆ ಕಂಡಿತೋ, ನಿಮ್ಮ ಕೂಗು ಅದರ ಕಿವಿಗೆ ಬೀಳುವುದಿಲ್ಲ. ಕುರಿ ಕಾಯುವವನಿಗೆ ಒಂದು ಕುರಿ ಸತ್ತರೆ ಆಗುವ ನಷ್ಟ ಸಣ್ಣದಲ್ಲ.

ತೋಟದಲ್ಲಿ ನಾನು ಅತ್ಯಂತ ಹೆದರುವುದು ಕೃಷಿಹೊಂಡಕ್ಕೆ. 2014ರಲ್ಲಿ ಶುರುವಾದ ಕೃಷಿಭಾಗ್ಯ ಯೋಜನೆಯ ನಂತರ ಬಯಲುಸೀಮೆಯ ಹೊಲಗಳಲ್ಲಿ ಇವು ಬಹಳವಾದವು, ರೈತರಿಗೆ ಒಳ್ಳೆಯದೇ ಆಯಿತು. ನೀರು ಇಂಗದಿರಲೆಂದು ಅವಕ್ಕೆ ದಪ್ಪ ಪ್ಲಾಸ್ಟಿಕ್ ಹಾಸಿರುತ್ತಾರೆ. ಶ್ರೀನಿವಾಸಪುರದ ಕಡೆ ಒಂದು ಮಾವಿನ ತೋಪಿನಲ್ಲಿ ಚುಕ್ಕಿ ನೀರು ಕುಡಿಯಲು ಬಗ್ಗಿ ಜಾರಿದಳು. ಈಜಲು ಬರುತ್ತಿತ್ತು. ಹತ್ತಲು ಆಗಲಿಲ್ಲ. ಉಗುರಿಗೆ ಹಿಡಿತ ಸಿಗದೆ ಮತ್ತೆ ಮತ್ತೆ ಜಾರಿದಳು, ಮೂರು ನಿಮಿಷಕ್ಕೆ ತಲೆ ತಗ್ಗತೊಡಗಿತು. ಮೈಮೇಲೆ ಹಾರ್ನೆಸ್, ಅದಕ್ಕೆ ಉದ್ದ ಹಗ್ಗ ಇದ್ದದ್ದರಿಂದ ಎಳೆದುಕೊಂಡೆವು. ಇಲ್ಲದಿದ್ದರೆ ನಾವೂ ಇಳಿಯುತ್ತಿದ್ದೆವು, ಇಳಿದವರೂ ಆ ಪ್ಲಾಸ್ಟಿಕ್ ಮೇಲೆ ಹತ್ತಲಾರರು. ಅಂದಿನಿಂದ ಯಾವ ತೋಟಕ್ಕೆ ಹೋದರೂ ಮೊದಲ ಕೆಲಸ ನೀರೆಲ್ಲಿದೆ ಎಂದು ನೋಡುವುದು: ಹೊಂಡ, ತೆರೆದ ಬಾವಿ, ತೊಟ್ಟಿ. ಎರಡನೆಯ ಕೆಲಸ, ಈ ವಾರ ಔಷಧಿ ಹೊಡೆದಿದ್ದೀರಾ, ಇಲಿ ಪಾಷಾಣ ಇಟ್ಟಿದ್ದೀರಾ ಎಂದು ಕೇಳುವುದು. ಮೂರನೆಯದು, ಹಂದಿಗೆ ಉರುಳು ಅಥವಾ ಸಿಡಿಮದ್ದು ಇಟ್ಟಿರುವ ಸುದ್ದಿ ಸುತ್ತಮುತ್ತ ಇದೆಯೇ ಎಂದು ವಿಚಾರಿಸುವುದು. ಹಿಟ್ಟಿನ ಉಂಡೆಯಲ್ಲಿಟ್ಟ ಸಿಡಿಮದ್ದನ್ನು ಕಚ್ಚಿ ದವಡೆ ಕಳೆದುಕೊಂಡ ನಾಯಿ, ದನಗಳು ನಮ್ಮ ರಾಜ್ಯದಲ್ಲಿ ಕಡಿಮೆಯಿಲ್ಲ.

ನಂದಿಬೆಟ್ಟದ ದಿಕ್ಕಿಗೆ ಹೋಗುವವರಿಗೆ ಒಂದು ವಿಶೇಷ ಎಚ್ಚರ. ದೇವನಹಳ್ಳಿ, ಚಿಕ್ಕಬಳ್ಳಾಪುರದ ಸೀಮೆ ದ್ರಾಕ್ಷಿ ಸೀಮೆ. ಬೆಂಗಳೂರು ಬ್ಲೂ ದ್ರಾಕ್ಷಿಯ ಚಪ್ಪರದ ಕೆಳಗೆ ಕೂತು ಊಟ ಮಾಡುವುದು ಚೆಂದವೇ, ಆದರೆ ದ್ರಾಕ್ಷಿ ನಾಯಿಯ ಮೂತ್ರಪಿಂಡವನ್ನು ಕೆಡಿಸುತ್ತದೆ. ಎಷ್ಟು ತಿಂದರೆ ಎಂಬ ಲೆಕ್ಕವಿಲ್ಲ, ಕೆಲವಕ್ಕೆ ನಾಲ್ಕು ಹಣ್ಣೇ ಸಾಕು. ದ್ರಾಕ್ಷಿಯಲ್ಲಿರುವ ಟಾರ್ಟಾರಿಕ್ ಆಮ್ಲವೇ ಇದಕ್ಕೆ ಕಾರಣವಿರಬೇಕು ಎಂದು ಪಶುವೈದ್ಯರು ಈಗ ಭಾವಿಸುತ್ತಾರೆ. ಅದೇ ಆಮ್ಲ ನಮ್ಮ ಹುಣಸೆಹಣ್ಣಿನಲ್ಲಿ ಧಾರಾಳವಾಗಿದೆ. ಆದ್ದರಿಂದ ಬುತ್ತಿಯ ಪುಳಿಯೋಗರೆ, ಬಿಸಿಬೇಳೆಬಾತ್ ನಾಯಿಗೆ ಬೇಡ. ಈರುಳ್ಳಿ, ಬೆಳ್ಳುಳ್ಳಿ ರಕ್ತವನ್ನು ಕೆಡಿಸುತ್ತವೆ, ಹಾಗಾಗಿ ಮದ್ದೂರು ವಡೆಯೂ ಬೇಡ. ಮಾವಿನ ಕಾಲದಲ್ಲಿ ಓಟೆ ನುಂಗಿ ಕರುಳು ಕಟ್ಟಿಕೊಂಡು ಶಸ್ತ್ರಚಿಕಿತ್ಸೆಗೆ ಬರುವ ನಾಯಿಗಳು ಎಲ್ಲ ಆಸ್ಪತ್ರೆಯಲ್ಲೂ ಸಿಗುತ್ತವೆ. ಮನೆಯಿಂದಲೇ ಅನ್ನ, ಬೇಯಿಸಿದ ಕೋಳಿ ಅಥವಾ ಮೊಟ್ಟೆ, ಇಲ್ಲವೇ ಒಗ್ಗರಣೆ ಹಾಕದ ಮೊಸರನ್ನ ಕಟ್ಟಿಕೊಳ್ಳಿ. ನೀರನ್ನೂ ಮನೆಯದೇ ಒಯ್ಯಿರಿ, ನೀರು ಬದಲಾದರೆ ಭೇದಿಯಾಗುವ ನಾಯಿಗಳು ಬಹಳ.

ಹೋಗಬಾರದ ಕಡೆ

ಬನ್ನೇರುಘಟ್ಟ, ಬಂಡೀಪುರ, ನಾಗರಹೊಳೆ, ಕಾವೇರಿ ವನ್ಯಧಾಮ ಇವೆಲ್ಲ ನಾಯಿಗೆ ನಿಷಿದ್ಧ. ಸಾವನದುರ್ಗ, ತುರಹಳ್ಳಿಯಂಥ ಮೀಸಲು ಅರಣ್ಯಗಳಿಗೂ ಒಯ್ಯಬಾರದು. ಇದನ್ನು ಬರೀ ನಿಯಮ ಎಂದು ನಾನು ಹೇಳುತ್ತಿಲ್ಲ. ಬೆಂಗಳೂರು, ರಾಮನಗರದ ಕಲ್ಲುಬೆಟ್ಟಗಳಲ್ಲಿ ಚಿರತೆಗಳಿವೆ, ಚಿರತೆಗೆ ನಾಯಿಯಷ್ಟು ಸುಲಭದ ಬೇಟೆ ಇನ್ನೊಂದಿಲ್ಲ. ಆನೆಯ ಮುಂದೆ ಬೊಗಳುವ ನಾಯಿ ಹೆದರಿ ಓಡುವುದು ಒಡೆಯನ ಕಡೆಗೇ, ಹಿಂದೆಯೇ ಆನೆಯೂ ಬರುತ್ತದೆ. ಕೆಡುಕು ಕಾಡಿನ ಕಡೆಗೂ ಉಂಟು. 2018ರಲ್ಲಿ ಗುಜರಾತಿನ ಗಿರ್‌ನಲ್ಲಿ ಸಿಂಹಗಳು ಸಾಲಾಗಿ ಸತ್ತಾಗ ಸಿಕ್ಕಿದ್ದು ಕೆನೈನ್ ಡಿಸ್ಟೆಂಪರ್ ವೈರಸ್, ನಾಯಿಗಳಲ್ಲಿ ಸಾಮಾನ್ಯವಾದ ರೋಗ. ನಮ್ಮ ನಾಯಿ ಆರೋಗ್ಯವಾಗಿ ಕಂಡರೂ ಕಾಡಿಗೆ ಏನನ್ನು ಬಿಟ್ಟು ಬರುತ್ತದೆ ಎಂದು ನಮಗೆ ತಿಳಿಯುವುದಿಲ್ಲ.

ಹೆಸರಘಟ್ಟದ ಹುಲ್ಲುಗಾವಲು ನೋಡಲು ನಾಯಿ ಓಡಿಸಲೆಂದೇ ಮಾಡಿದಂತಿದೆ. ಅಲ್ಲಿಗೆ ನಾಯಿಯೊಂದಿಗೆ ಹೋಗುವವರನ್ನು ಕಂಡಿದ್ದೇನೆ, ದಯವಿಟ್ಟು ಬೇಡ. ನೆಲಗುಬ್ಬಿ, ಟಿಟ್ಟಿಭದಂಥ ಹಕ್ಕಿಗಳು ಮೊಟ್ಟೆಯಿಡುವುದು ಬರಿಯ ನೆಲದ ಮೇಲೆ. ಒಂದು ನಾಯಿ ಹತ್ತು ನಿಮಿಷ ಓಡಾಡಿದರೆ ಒಂದು ಋತುವಿನ ಗೂಡುಗಳು ಹೋದವು. ಈ ಹುಲ್ಲುಗಾವಲನ್ನು ಸಂರಕ್ಷಣಾ ಮೀಸಲು ಪ್ರದೇಶ ಮಾಡಲು ರಾಜ್ಯ ವನ್ಯಜೀವಿ ಮಂಡಳಿ 2024ರಲ್ಲಿ ಒಪ್ಪಿಗೆ ಕೊಟ್ಟಿದೆ.

ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕಗಳೊಳಗೆ ಪ್ರಾಣಿ ಒಯ್ಯುವಂತಿಲ್ಲ; ಸೋಮನಾಥಪುರ, ಶ್ರೀರಂಗಪಟ್ಟಣದ ಯೋಜನೆ ಹಾಕುವವರು ಇದನ್ನು ನೆನಪಿಡಿ. ಕಾವೇರಿಯಲ್ಲಿ ಮೊಸಳೆಗಳಿವೆ, ದಂಡೆಯಲ್ಲಿ ನಾಯಿಯ ಹಗ್ಗ ಬಿಚ್ಚಬೇಡಿ. ಕರಾವಳಿಗೆ ಹೋಗುವವರಿಗೆ: ಕಾಸರಕೋಡು ಮತ್ತು ಪಡುಬಿದ್ರೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಪಡೆದ ಕಡಲತೀರಗಳು, ಅಂಥ ತೀರಗಳಲ್ಲಿ ಸಾಕುಪ್ರಾಣಿಗಳ ಮೇಲೆ ಬಿಗಿ ನಿಯಂತ್ರಣ ಇರುತ್ತದೆ. ಬೇರೆ ತೀರಗಳಲ್ಲಿ ಬೆಳಗಿನ ಜಾವ ನಡೆಯಿರಿ, ಉಪ್ಪುನೀರು ಕುಡಿಯಲು ಬಿಡಬೇಡಿ, ದಡಕ್ಕೆ ಬಿದ್ದ ಸತ್ತ ಮೀನಿನಿಂದ ದೂರವಿಡಿ.

ದಾರಿಯಲ್ಲಿ

ಮೈಸೂರಿನ ಕಡೆ ಹೊರಟರೆ ಚನ್ನಪಟ್ಟಣದ ಬಳಿ ಅಗ್ರಹಾರ ವಳಗೆರೆಹಳ್ಳಿ ಸಿಗುತ್ತದೆ. ಅಲ್ಲಿ ನಾಯಿಗಳಿಗೇ ಒಂದು ಗುಡಿ. ಗ್ರಾಮದೇವತೆ ವೀರಮಾಸ್ತಿ ಕೆಂಪಮ್ಮನ ಗುಡಿ ಕಟ್ಟುವಾಗ ಊರಿನ ಎರಡು ನಾಯಿಗಳು ಕಾಣೆಯಾದವು, ದೇವಿ ಕನಸಿನಲ್ಲಿ ಬಂದು ಅವನ್ನು ಕೇಳಿದಳು ಎಂಬುದು ಊರವರು ಹೇಳುವ ಕಥೆ. ಹುಡುಕಿದರೂ ಸಿಗದಾಗ 2010ರಲ್ಲಿ ಎರಡು ನಾಯಿಗಳ ವಿಗ್ರಹ ಮಾಡಿ ಕೂರಿಸಿದರು. ಭೈರವನಿಗೆ ನಾಯಿ ವಾಹನ, ದತ್ತಾತ್ರೇಯನ ಪಾದದ ಬಳಿ ನಾಲ್ಕು ನಾಯಿಗಳು. ನಮ್ಮ ಜನಕ್ಕೆ ಇದು ಹೊಸತಲ್ಲ. ಅಲ್ಲಿಂದ ಮುಂದೆ ಮದ್ದೂರು ತಾಲೂಕು, ಕಾಳಿಯ ಕಲ್ಲು ಮೊದಲು ನಿಂತಿದ್ದ ಆತಕೂರು ಅಲ್ಲೇ.

2023ರಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ ನಾಯಿಯನ್ನು ಇಳಿಸಲು ಕಾರು ನಿಲ್ಲಿಸಬೇಡಿ. ಸರ್ವಿಸ್ ರಸ್ತೆಗೆ ಇಳಿದು, ಮರದ ನೆರಳು ನೋಡಿ ನಿಲ್ಲಿಸಿ. ಬಾಗಿಲು ತೆಗೆಯುವ ಮುಂಚೆ ಹಗ್ಗ ಹಾಕಿ. ನಾಯಿ ಕಳೆದುಹೋಗುವುದು ಬಹುತೇಕ ಈ ಒಂದು ಕ್ಷಣದಲ್ಲಿ. ಪಟ್ಟಿಗೆ ನಿಮ್ಮ ಫೋನ್ ನಂಬರು ಕೊರೆಸಿದ ಬಿಲ್ಲೆ ಇರಲಿ. ಹೊರಡುವ ಮುಂಚಿನ ಮೂರು–ನಾಲ್ಕು ಗಂಟೆಯೊಳಗೆ ಹೊಟ್ಟೆ ತುಂಬ ಉಣಿಸಬೇಡಿ, ಎರಡು ಗಂಟೆಗೊಮ್ಮೆ ಇಳಿಸಿ ನೀರು ಕೊಡಿ. ತಲೆ ಕಿಟಕಿಯಾಚೆ ಹಾಕಿ ಗಾಳಿ ಕುಡಿಯುವುದು ನೋಡಲು ಖುಷಿ, ಆದರೆ ಕಣ್ಣಿಗೆ ಹಾರುವ ಒಂದು ಕಲ್ಲಿನ ಚೂರು ಸಾಕು. ಹಾರ್ನೆಸ್‌ಗೆ ಸಿಕ್ಕಿಸುವ ಸೀಟ್ ಬೆಲ್ಟ್ ಸಿಗುತ್ತದೆ, ಕೊಂಡುಕೊಳ್ಳಿ. ಘಟ್ಟದ ತಿರುವುಗಳಲ್ಲಿ ವಾಂತಿ ಮಾಡುವ ನಾಯಿಗೆ ವೈದ್ಯರೇ ಮಾತ್ರೆ ಬರೆದುಕೊಡುತ್ತಾರೆ. ನಮ್ಮ ಚೀಲದ ಪ್ಯಾರಾಸಿಟಮಾಲ್, ಐಬುಪ್ರೊಫೆನ್ ನಾಯಿಗೆ ವಿಷ.

ಬಿಸಿಲಿನ ಮಾತು ನಿಧಾನವಾಗಿ ಹೇಳಬೇಕು, ನಾಯಿ ಪ್ರವಾಸದಲ್ಲಿ ಸಾವು ಬರುವ ದಾರಿ ಮುಖ್ಯವಾಗಿ ಇದೇ. ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ, ಏದುಸಿರಿನಿಂದಲೇ ಮೈ ತಣ್ಣಗಾಗಬೇಕು. ‘ಬೆಂಗಳೂರು ತಂಪು’ ಎಂಬ ಹಳೆಯ ನಂಬಿಕೆಯನ್ನು ಬಿಡಿ, 2016ರ ಏಪ್ರಿಲ್‌ನಲ್ಲಿ ಇಲ್ಲಿ 39.2 ಡಿಗ್ರಿ ಸೆಲ್ಸಿಯಸ್ ಆಗಿತ್ತು. ನಿಲ್ಲಿಸಿದ ಕಾರಿನೊಳಗೆ ಹತ್ತೇ ನಿಮಿಷಕ್ಕೆ ಶಾಖ ಹೊರಗಿನದಕ್ಕಿಂತ ಹತ್ತು ಡಿಗ್ರಿಯಷ್ಟು ಏರುತ್ತದೆ, ಕಿಟಕಿ ಒಂದಿಂಚು ತೆರೆದಿಟ್ಟರೂ ಹೆಚ್ಚು ವ್ಯತ್ಯಾಸವಿಲ್ಲ. ಹೋಟೆಲಿನ ಒಳಗೆ ನಾಯಿಗೆ ಪ್ರವೇಶವಿಲ್ಲದಿದ್ದರೆ ಒಬ್ಬರು ಹೊರಗೆ ಇರಬೇಕು, ಸರದಿಯಲ್ಲಿ ತಿನ್ನಬೇಕು. ಬೇರೆ ದಾರಿಯಿಲ್ಲ. ಡಾಂಬರಿನ ಮೇಲೆ ನಿಮ್ಮ ಹಿಂಗೈ ಏಳು ಸೆಕೆಂಡು ಇಡಲಾಗದಿದ್ದರೆ ನಾಯಿಯ ಪಾದವೂ ಇಡಲಾಗದು. ಪಗ್, ಶಿಟ್ಜು, ಬುಲ್‌ಡಾಗ್‌ನಂಥ ಚಪ್ಪಟೆ ಮೂಗಿನವು, ದಪ್ಪ ತುಪ್ಪಳದ ಹಸ್ಕಿ, ಮುದಿ ನಾಯಿಗಳು, ಇವನ್ನು ಮಾರ್ಚಿನಿಂದ ಮೇವರೆಗೆ ದೂರ ಒಯ್ಯದಿರುವುದೇ ಒಳಿತು. ನಾಯಿಯ ಸಹಜ ಮೈಬಿಸಿ ಸುಮಾರು 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್, 104 ದಾಟಿದರೆ ಅಪಾಯ. ನಾಲಿಗೆ ಕಡುಗೆಂಪಾಗಿ, ಜೊಲ್ಲು ಅಂಟಾಗಿ, ಕಾಲು ತೂರಾಡತೊಡಗಿದರೆ ಅಲ್ಲೇ ನೆರಳಿಗೆ ಎಳೆದು, ಮೈಮೇಲೆ ಸಾಧಾರಣ ತಣ್ಣೀರು ಸುರಿದು, ಗಾಳಿ ಹಾಕಿ, ಆಮೇಲೆ ಆಸ್ಪತ್ರೆಗೆ ಹೊರಡಿ. ಮೊದಲು ತಣಿಸುವುದು, ನಂತರ ಸಾಗಿಸುವುದು.

ಕಾರಿಲ್ಲದವರಿಗೂ ದಾರಿಯಿದೆ. ನಮ್ಮ ಮೆಟ್ರೋ ಒಳಗೆ ನಾಯಿಗೆ ಅವಕಾಶವಿಲ್ಲ. ಕೆಎಸ್‌ಆರ್‌ಟಿಸಿಯ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ ಪಡೆದು ಒಯ್ಯಬಹುದು, ಐರಾವತದಂಥ ಬಸ್ಸುಗಳಲ್ಲಿ ಆಗದು. ಉಬರ್ 2024ರಿಂದ ಬೆಂಗಳೂರಿನಲ್ಲಿ ಸಾಕುಪ್ರಾಣಿಗಳ ಜೊತೆ ಪ್ರಯಾಣಿಸುವವರಿಗೆಂದೇ ಸೇವೆ ಕೊಡುತ್ತಿದೆ. ರೈಲಿನಲ್ಲಿ ನಾಯಿ ನಿಮ್ಮ ಜೊತೆ ಇರಬೇಕೆಂದರೆ ಮೊದಲ ದರ್ಜೆ ಎಸಿಯಲ್ಲಿ ಎರಡು ಸೀಟಿನ ಕೂಪೆ ಅಥವಾ ನಾಲ್ಕು ಸೀಟಿನ ಕ್ಯಾಬಿನ್ ಪೂರ್ತಿ ನಿಮ್ಮದಾಗಿರಬೇಕು. ಕೂಪೆ ಸಿಕ್ಕಿತೋ ಇಲ್ಲವೋ ಎಂದು ತಿಳಿಯುವುದು ಚಾರ್ಟ್ ಆದ ಮೇಲೆಯೇ. ಆಮೇಲೆ ಪಾರ್ಸೆಲ್ ಕಚೇರಿಯಲ್ಲಿ ಲಸಿಕೆ ಪುಸ್ತಕ, ಒಂದೆರಡು ದಿನದೊಳಗೆ ಪಡೆದ ಪಶುವೈದ್ಯರ ಆರೋಗ್ಯ ಪತ್ರ ತೋರಿಸಿ ನಾಯಿಯ ಶುಲ್ಕ ಕಟ್ಟಬೇಕು, ಎರಡು–ಮೂರು ಗಂಟೆ ಮುಂಚೆ ಹೋಗಿ. ಸ್ಲೀಪರ್, ಎಸಿ ಎರಡನೆಯ ಮತ್ತು ಮೂರನೆಯ ದರ್ಜೆಯಲ್ಲಿ ನಾಯಿ ಒಯ್ಯುವಂತಿಲ್ಲ. ಗಾರ್ಡ್ ಬೋಗಿಯ ನಾಯಿಪೆಟ್ಟಿಗೆ ಎಂಬ ಇನ್ನೊಂದು ಅವಕಾಶ ಉಂಟು. ಆ ಸದ್ದಿನಲ್ಲಿ, ಕತ್ತಲಲ್ಲಿ, ಸೆಕೆಯಲ್ಲಿ ಒಂಟಿಯಾಗಿ ಕಳಿಸುವುದಕ್ಕಿಂತ ಮನೆಯಲ್ಲಿ ನಂಬಿಕಸ್ತರ ಬಳಿ ಬಿಡುವುದು ಮೇಲು.

ಮಲೆನಾಡಿಗೆ, ರಾತ್ರಿ ಉಳಿಯಲು

ಸಕಲೇಶಪುರ ಬೆಂಗಳೂರಿನಿಂದ ಸುಮಾರು 220 ಕಿಲೋಮೀಟರ್, ಚಿಕ್ಕಮಗಳೂರು 245, ಮಡಿಕೇರಿ 260. ಕಾಫಿ ತೋಟದ ಮನೆಗಳಲ್ಲಿ ನಾಯಿಯಿಲ್ಲದ ಮನೆ ಅಪರೂಪ, ಆದ್ದರಿಂದ ನಾಯಿಯ ಮನಸ್ಸು ತಿಳಿದವರು ಸಿಗುವುದೂ ಅಲ್ಲೇ. ಹೋಗುವ ಕಾಲ ಯಾವುದು ಎಂಬುದೇ ಮುಖ್ಯ. ಜೂನಿನಿಂದ ಸೆಪ್ಟೆಂಬರ್‌ವರೆಗೆ ಇಂಬಳದ ಕಾಟ, ನಿಂತ ನೀರಿನಿಂದ ಇಲಿಜ್ವರದ ಭಯ. ಡಿಸೆಂಬರಿನಿಂದ ಮೇವರೆಗೆ ಉಣುಗಿನ ಕಾಲ. ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಹಬ್ಬುವುದೂ ಇದೇ ತಿಂಗಳುಗಳಲ್ಲಿ, ಅದನ್ನು ಮನುಷ್ಯರಿಗೆ ದಾಟಿಸುವುದು ಉಣುಗು. ನಾಯಿ ಕಾಡಂಚಿನಲ್ಲಿ ಸುತ್ತಿ ಬಂದರೆ ಅದರ ತುಪ್ಪಳದಲ್ಲಿ ಕೂತು ಉಣುಗು ನಮ್ಮ ಹಾಸಿಗೆಯವರೆಗೂ ಬರಬಹುದು. ನನ್ನ ಲೆಕ್ಕದಲ್ಲಿ ಮಲೆನಾಡಿಗೆ ನಾಯಿಯೊಂದಿಗೆ ಹೋಗಲು ಒಳ್ಳೆಯ ಕಾಲ ಅಕ್ಟೋಬರ್ ಕೊನೆಯಿಂದ ನವೆಂಬರ್. ಹೊರಡುವ ವಾರ ಮುಂಚೆ ವೈದ್ಯರನ್ನು ಕಂಡು ಉಣುಗಿನ ಮಾತ್ರೆ ಹಾಕಿಸಿ. ಫಿಟ್ಸ್ ಬರುವ ನಾಯಿಯಾದರೆ ಅದನ್ನು ಹೇಳಿಯೇ ಮಾತ್ರೆ ಪಡೆಯಿರಿ. ರೇಬೀಸ್ ಜೊತೆಗೆ ನೈನ್-ಇನ್-ಒನ್ ಲಸಿಕೆ ವರ್ಷದೊಳಗಿನದ್ದಾಗಿರಲಿ, ಇಲಿಜ್ವರದ ರಕ್ಷಣೆ ಇರುವುದು ಅದರಲ್ಲೇ.

ಇಂಬಳ ಹತ್ತಿದರೆ ಊರವರು ಹೊಗೆಸೊಪ್ಪು, ಸುಣ್ಣ ಹಚ್ಚುತ್ತಾರೆ. ನಾಯಿಗೆ ಹೊಗೆಸೊಪ್ಪು ಬೇಡ, ನೆಕ್ಕಿದರೆ ವಿಷ. ಉಗುರಿನಿಂದ ಚರ್ಮದ ಮಟ್ಟಕ್ಕೆ ಸವರಿ ಜಾರಿಸಿ. ಮೂಗಿನೊಳಗೆ ಹೋಗಿ ಪದೇ ಪದೇ ಸೀನಿ ರಕ್ತ ಬಂದರೆ ವೈದ್ಯರೇ ತೆಗೆಯಬೇಕು. ಕಾಫಿ ಹಣ್ಣು ಉದುರಿದ ಕಾಲದಲ್ಲಿ ನೆಲಕ್ಕೆ ಬಾಯಿ ಹಾಕುವ ನಾಯಿಯ ಮೇಲೆ ಕಣ್ಣಿರಲಿ, ಕೆಫೀನ್ ಅದರ ಹೃದಯಕ್ಕೆ ಕೇಡು. ಹಾವು ಕಚ್ಚಿದ ಸಂಶಯ ಬಂದರೆ ಕಟ್ಟುವುದು, ಕೊಯ್ಯುವುದು ಏನೂ ಬೇಡ. ನಡೆಸದೆ ಎತ್ತಿಕೊಂಡು ಓಡಿ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕಕ್ಕೂ ಒಂದೇ ವಿಷನಿರೋಧಕ ಕೆಲಸ ಮಾಡುತ್ತದೆ, ಆದರೆ ಅದು ಎಲ್ಲ ಪಶು ಆಸ್ಪತ್ರೆಯಲ್ಲಿ ಇರುವುದಿಲ್ಲ. ಎಲ್ಲಿದೆ ಎಂದು ಮೊದಲೇ ಕೇಳಿಕೊಂಡಿರಬೇಕು. ತಾಲೂಕು ಕೇಂದ್ರಗಳಲ್ಲಿ ಸರ್ಕಾರಿ ಪಶು ಆಸ್ಪತ್ರೆಗಳಿವೆ. ಶಿವಮೊಗ್ಗ, ಹಾಸನಗಳಲ್ಲಿ ಪಶುವೈದ್ಯಕೀಯ ಕಾಲೇಜುಗಳಿವೆ, ಬೆಂಗಳೂರಿನಲ್ಲಿ 1958ರಿಂದ ಹೆಬ್ಬಾಳದ ಕಾಲೇಜು. ಪಶುಪಾಲನಾ ಇಲಾಖೆಯ ಸಹಾಯವಾಣಿ 1962.

ಈಗ, ಐದು ವರ್ಷದ ಹಿಂದೆ ನಾನು ಕೇಳದೇ ಹೋದದ್ದು. ಇವತ್ತು ಫೋನು ಮಾಡಿದಾಗ ಮೊದಲ ಪ್ರಶ್ನೆ: "ರಾತ್ರಿ ಅವಳು ನಮ್ಮ ಜೊತೆ ಕೋಣೆಯೊಳಗೆ ಮಲಗಬಹುದಾ?" ಆಮೇಲೆ: "ನಾವು ಊಟ ಮಾಡುವ ಜಾಗಕ್ಕೆ ಬರಬಹುದಾ, ಇಲ್ಲವಾದರೆ ಊಟ ಕೋಣೆಗೆ ಕೊಡ್ತೀರಾ?" ಹೊಸ ಕೋಣೆಯಲ್ಲಿ ಒಂಟಿಯಾಗಿ ಬಿಟ್ಟ ನಾಯಿ ಬಾಗಿಲು ಪರಚುತ್ತದೆ, ಪಕ್ಕದವರ ನಿದ್ದೆ ಕೆಡಿಸುತ್ತದೆ. "ನಿಮ್ಮ ನಾಯಿಗಳು ಬಿಟ್ಟೇ ಇರುತ್ತವಾ, ಗಂಡೋ ಹೆಣ್ಣೋ?" ಬಿಟ್ಟಿದ್ದರೆ ಗೇಟಿನೊಳಗೆ ಮುಖಾಮುಖಿ ಮಾಡಿಸಬೇಡಿ, ಹೊರಗಿನ ರಸ್ತೆಯಲ್ಲಿ ಎರಡನ್ನೂ ಹಗ್ಗದಲ್ಲಿ ಹಿಡಿದು ಒಂದೇ ದಿಕ್ಕಿಗೆ ಹತ್ತು ನಿಮಿಷ ನಡೆಸಿ, ಆಮೇಲೆ ಒಟ್ಟಿಗೆ ಒಳಗೆ ಬನ್ನಿ. "ಸುತ್ತ ಬೇಲಿ ಇದೆಯಾ, ಸೋಲಾರ್ ತಂತಿ ಎಲ್ಲೆಲ್ಲಿದೆ?" "ಈಚೆಗೆ ಚಿರತೆ ಬಂದು ನಾಯಿ ಹೋಗಿದೆಯಾ?" ನೇರವಾಗಿ ಕೇಳಿದರೆ ತೋಟದವರು ನೇರವಾಗಿಯೇ ಹೇಳುತ್ತಾರೆ. ಬಂದಿದ್ದರೆ ಕತ್ತಲಾದ ಮೇಲೆ ಮೂತ್ರಕ್ಕೂ ಹಗ್ಗ, ಟಾರ್ಚು, ಇಬ್ಬರು. "ಆ ಎರಡು ದಿನ ಮದುವೆ, ಪಾರ್ಟಿ ಏನಾದರೂ ಇದೆಯಾ?" ಪಟಾಕಿ, ಡಿಜೆ ಸದ್ದಿಗೆ ಬೆದರಿ ತೋಟದೊಳಗೆ ಓಡಿದ ನಾಯಿಯನ್ನು ಹುಡುಕುವುದು ಸುಲಭವಲ್ಲ. ಕೊನೆಗೆ ಶುಲ್ಕ, ಠೇವಣಿ. ಇಷ್ಟನ್ನೂ ವಾಟ್ಸ್ಆ್ಯಪ್‌ನಲ್ಲಿ ಬರೆದು ಕಳಿಸಿ, ಅವರ ‘ಹೌದು’ ಬರಹದಲ್ಲಿರಲಿ, ನಾಯಿ ಮಲಗುವ ಜಾಗದ ಒಂದು ಫೋಟೊ ಕೇಳಿ. ಇಷ್ಟು ಕೇಳಿದ್ದಕ್ಕೆ ಬೇಸರಪಟ್ಟುಕೊಳ್ಳುವ ಮನೆ ನಿಮಗಲ್ಲ.

ನಮ್ಮ ಕಡೆಯಿಂದಲೂ ಕೊಡಬೇಕಾದದ್ದಿದೆ. ಮನೆಯಿಂದ ಹಳೆಯ ಬೆಡ್‌ಶೀಟು ಎರಡು, ನಾಯಿಯ ಸ್ವಂತ ಚಾಪೆ, ಕಾಲೊರೆಸುವ ಬಟ್ಟೆ ಒಯ್ಯಿರಿ. ಮನೆಯ ವಾಸನೆಯ ಚಾಪೆ ಹಾಸಿದರೆ ಹೊಸ ಕೋಣೆಯಲ್ಲಿ ಅದಕ್ಕೆ ನಿದ್ದೆ ಬರುತ್ತದೆ. ಅವರ ಟವೆಲಿನಿಂದ ನಾಯಿಯನ್ನು ಒರೆಸಬೇಡಿ. ಹೇಲನ್ನು ಕಾಗದದಲ್ಲಿ ಎತ್ತಿ, ತೋಟದಲ್ಲಾದರೂ ಸರಿ, ಅಲ್ಲಿ ಬರಿಗಾಲಲ್ಲಿ ಕೆಲಸ ಮಾಡುವವರಿದ್ದಾರೆ. ಕೋಣೆ ಗುಡಿಸುವವರಿಗೆ ಕೂದಲಿನ ಕೆಲಸ ಹೆಚ್ಚಾಗುತ್ತದೆ, ಹೊರಡುವಾಗ ಅವರ ಕೈಗೇ ಏನಾದರೂ ಕೊಡಿ. ಎಲ್ಲಕ್ಕಿಂತ, ಎದುರಿಗೆ ಬರುವ ಮಗುವೋ ಅಜ್ಜಿಯೋ ಹಿಂಜರಿದು ನಿಂತಾಗ "ಏನೂ ಮಾಡಲ್ಲ, ಬನ್ನಿ" ಎನ್ನುವುದನ್ನು ನಾವು ಬಿಡಬೇಕು. ಹುಚ್ಚುನಾಯಿ ಕಡಿತದಿಂದ ಈಗಲೂ ಜನ ಸಾಯುವ ದೇಶ ಇದು, ಅವರ ಹೆದರಿಕೆಗೆ ಕಾರಣವಿದೆ. ಹಗ್ಗ ಗಿಡ್ಡ ಮಾಡಿ, ಪಕ್ಕಕ್ಕೆ ಸರಿದು, ಅವರು ದಾಟಿ ಹೋಗುವವರೆಗೆ ನಿಲ್ಲಿ.

ಮನೆಗೆ ಬಂದ ರಾತ್ರಿಯೇ ನಾಯಿಯನ್ನು ದೀಪದ ಕೆಳಗೆ ಕೂರಿಸಿ ಬೆರಳಸಂದು, ಕಿವಿಯ ಒಳಮಡಿಕೆ, ಕಂಕುಳು, ಬಾಲದ ಬುಡ ಸವರಿ ನೋಡಿ. ಉಣುಗು ಸಿಕ್ಕರೆ ಚಿಮುಟದಲ್ಲಿ ಚರ್ಮಕ್ಕೆ ಹತ್ತಿರ ಹಿಡಿದು ನೇರವಾಗಿ ಎಳೆಯಿರಿ, ಬೆರಳಿನಿಂದ ಹಿಸುಕಬೇಡಿ. ಮುಂದಿನ ಮೂರು ವಾರ ಗಮನವಿರಲಿ, ಉಣುಗಿನ ಜ್ವರ ಕಾಣಿಸಿಕೊಳ್ಳಲು ಅಷ್ಟು ದಿನ ಹಿಡಿಯಬಹುದು. ಕಳೆದ ವರ್ಷ ಸಕಲೇಶಪುರದಿಂದ ಬಂದ ಹನ್ನೆರಡನೆಯ ದಿನ ಚುಕ್ಕಿ ಅನ್ನದ ಬಟ್ಟಲಿನಿಂದ ಮುಖ ತಿರುಗಿಸಿದಳು. ತುಟಿ ಎತ್ತಿ ನೋಡಿದರೆ ಒಸಡು ಬಿಳಿಚಿತ್ತು. "ಹನ್ನೆರಡು ದಿನದ ಹಿಂದೆ ಕಾಫಿ ತೋಟದಲ್ಲಿದ್ದಳು" ಎಂದು ನಾನು ಹೇಳಿದ್ದರಿಂದ ವೈದ್ಯರು ಮೊದಲ ದಿನವೇ ರಕ್ತ ಪರೀಕ್ಷೆ ಮಾಡಿಸಿದರು, ಪ್ಲೇಟ್‌ಲೆಟ್ ಇಳಿದಿತ್ತು. ಇಪ್ಪತ್ತೆಂಟು ದಿನ ಮಾತ್ರೆ, ಉಳಿದುಕೊಂಡಳು. ಹೋದ ಊರಿನ ಹೆಸರು, ಹೋಗಿಬಂದ ತಾರೀಖು ಎರಡನ್ನೂ ಲಸಿಕೆ ಪುಸ್ತಕದ ಕೊನೆಯ ಪುಟದಲ್ಲಿ ಬರೆದಿಡಿ.